ವಿಮಾ ಕಂಪನಿಯ ಆರೈಕೆ ಕರೆಗೆ ಉತ್ತರ ಕೊಡುವ ಮುನ್ನ

ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವ ಪಾಲಿಸಿದಾರರಿಗೆ ಆರೋಗ್ಯ ವಿಮಾ ಕಂಪನಿಗಳಿಂದ ಈಚೆಗೆ ಕರೆಗಳು ಬರುತ್ತಿವೆ. ನಿಮ್ಮ ಕಾಯಿಲೆಯನ್ನು ನೀವೇ ಹತೋಟಿಯಲ್ಲಿಟ್ಟುಕೊಳ್ಳಲು ನೆರವಾಗುವ ಕಾರ್ಯಕ್ರಮವೊಂದಿದೆ, ಹಣವೇನೂ ಕೊಡಬೇಕಿಲ್ಲ, ಸೇರಿಕೊಳ್ಳಿ ಎನ್ನುತ್ತಾರೆ. ದಾವಣಗೆರೆಯಲ್ಲಿರುವ ನನ್ನ ತಾಯಿ ಹಾಗೆ ಸೇರಿದವರು. ಅದರಿಂದ ನಾವು ಪಟ್ಟ ಪಾಡು ಇನ್ನೊಂದು ಮನೆಗೆ ಬಾರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ತಾಯಿಯ ಪಾಲಿಸಿಯನ್ನು 2020ರ ಡಿಸೆಂಬರ್‌ನಲ್ಲಿ ಮಾಡಿಸಿದ್ದೆವು. ಅವರಿಗೆ 2018ರಿಂದ ಸಕ್ಕರೆ ಕಾಯಿಲೆ ಇದೆ ಎಂಬುದನ್ನು ಪಾಲಿಸಿಗೆ ತುಂಬಿಕೊಡುವ ಅರ್ಜಿಯಾದ ಪ್ರಪೋಸಲ್ ಫಾರ್ಮಿನಲ್ಲಿಯೇ ಬರೆದು, ಮೊದಲ ರಕ್ತಪರೀಕ್ಷೆಯ ವರದಿಯನ್ನೂ ಲಗತ್ತಿಸಿದ್ದೆವು. ಕಾರ್ಯಕ್ರಮಕ್ಕೆ ಸೇರಿದಾಗ ಕಂಪನಿಯವರು ಒಂದು ಗ್ಲುಕೋಮೀಟರನ್ನೂ ಸ್ಟ್ರಿಪ್‌ಗಳನ್ನೂ ಕಳುಹಿಸಿದರು. ಫೋನಿಗೆ ಒಂದು ಆ್ಯಪ್ ಹಾಕಿಸಿದರು. ದಿನಕ್ಕೆ ಇಷ್ಟು ಹೆಜ್ಜೆ ನಡೆದರೆ ಇಷ್ಟು ಅಂಕ, ಆ ಅಂಕಗಳಿಗೆ ನವೀಕರಣದ ಪ್ರೀಮಿಯಂನಲ್ಲಿ ರಿಯಾಯಿತಿ ಎಂದು ತಿಳಿಸಿದರು. ತಾಯಿ ನಿತ್ಯ ಸಂಜೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆಯತೊಡಗಿದರು. ಬೆರಳಿಗೆ ಸೂಜಿ ಚುಚ್ಚಿ ತಮ್ಮ ಸಕ್ಕರೆಯನ್ನು ತಾವೇ ನೋಡಿ, ಕ್ಯಾಲೆಂಡರಿನ ಮೇಲೆ ಬರೆದಿಡುವುದನ್ನು ಕಲಿತರು. ಇಷ್ಟರ ಮಟ್ಟಿಗೆ ಕಾರ್ಯಕ್ರಮದಿಂದ ಒಳ್ಳೆಯದೇ ಆಯಿತು, ಅದನ್ನು ಮರೆಮಾಚುವುದಿಲ್ಲ.

ವಾರಕ್ಕೊಮ್ಮೆ ಕರೆ ಮಾಡುತ್ತಿದ್ದ ಸಲಹೆಗಾರ್ತಿ ವೈದ್ಯೆಯಲ್ಲ. ಆಕೆ ಒಂದು ದಿನ ರಾತ್ರಿಯ ಊಟದಲ್ಲಿ ರೊಟ್ಟಿ, ಅನ್ನ ಎರಡನ್ನೂ ಬಿಟ್ಟು ಸೌತೆಕಾಯಿ, ಮಜ್ಜಿಗೆಯಷ್ಟನ್ನೇ ತೆಗೆದುಕೊಳ್ಳುವಂತೆ ಹೇಳಿದರು. ತಾಯಿ ಬೆಳಿಗ್ಗೆ ಮತ್ತು ರಾತ್ರಿ ಊಟಕ್ಕೆ ಮೊದಲು ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಾರೆಯೇ ಎಂದು ಕೇಳಲಿಲ್ಲ. ಈ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೆಚ್ಚು ಸುರಿಯುವಂತೆ ಮಾಡುತ್ತದೆ. ಹೊಟ್ಟೆಗೆ ತಕ್ಕಷ್ಟು ಊಟ ಬೀಳದಿದ್ದರೂ ಅದರ ಕೆಲಸ ನಿಲ್ಲುವುದಿಲ್ಲ, ಆದ್ದರಿಂದ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದುಬಿಡಬಹುದು. ಊಟ ಕಡಿಮೆ ಮಾಡುವುದಾದರೆ ಮಾತ್ರೆಯ ಪ್ರಮಾಣವನ್ನೂ ವೈದ್ಯರು ನೋಡಿ ಬದಲಿಸಬೇಕಾಗುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದವರು ಹೇಳಲಿಲ್ಲ.

2024ರ ಅಕ್ಟೋಬರ್‌ನ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ತಾಯಿ ನರಳುವುದು ಕೇಳಿ ಎದ್ದೆ. ದಿಂಬು, ಸೆರಗು ಎರಡೂ ಬೆವರಿನಿಂದ ತೊಯ್ದಿದ್ದವು. ನನ್ನ ಮುಖ ನೋಡುತ್ತಲೇ, ತೀರಿಹೋಗಿರುವ ನಮ್ಮ ಸೋದರಮಾವನ ಹೆಸರಿನಿಂದ ನನ್ನನ್ನು ಕರೆದರು. ಕಂಪನಿಯವರು ಕಳುಹಿಸಿದ್ದ ಅದೇ ಗ್ಲುಕೋಮೀಟರ್ 41 ಎಂದು ತೋರಿಸಿತು. 70ಕ್ಕಿಂತ ಕೆಳಗಿಳಿದರೇ ಕಡಿಮೆ ಎನ್ನುತ್ತಾರೆ. ನುಂಗುವಷ್ಟು ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದೆಂದು ಪಕ್ಕದ ಮನೆಯವರು ತಡೆದಿದ್ದು ಒಳ್ಳೆಯದಾಯಿತು. ಇಲ್ಲವಾದರೆ ಸಕ್ಕರೆ ನೀರು ಕುಡಿಸಲು ಹೋಗಿ ನಾನೇ ಅನಾಹುತ ಮಾಡುತ್ತಿದ್ದೆ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಗ್ಲುಕೋಸ್ ಕೊಟ್ಟ ಮೇಲೆ ಚೇತರಿಸಿಕೊಂಡರು. ಈ ಮಾತ್ರೆಯ ಪರಿಣಾಮ ಬಹಳ ಹೊತ್ತು ಉಳಿಯುವುದರಿಂದ ಸಕ್ಕರೆ ಮತ್ತೆ ಇಳಿಯಬಹುದೆಂದು ಎರಡು ರಾತ್ರಿ ಅಲ್ಲಿಯೇ ಇರಿಸಿಕೊಂಡರು.

ಆಸ್ಪತ್ರೆಯ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ ಕ್ಯಾಶ್‌ಲೆಸ್ ಸೌಲಭ್ಯ ಸಿಗಲಿಲ್ಲ. ಕೈಯಿಂದ ಹಣ ಕಟ್ಟಿ, ಆಮೇಲೆ ಕ್ಲೇಮ್ ಹಾಕಿದಾಗ ಬಂದ ಉತ್ತರವನ್ನು ನಾನು ಮೂರು ಸಲ ಓದಬೇಕಾಯಿತು. ಪಾಲಿಸಿದಾರರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ಪಾಲಿಸಿ ಪಡೆಯುವಾಗ ಅದನ್ನು ಸರಿಯಾಗಿ ತಿಳಿಸಿಲ್ಲ, ಆದ್ದರಿಂದ ಕ್ಲೇಮ್ ತಿರಸ್ಕರಿಸಲಾಗಿದೆ ಎಂದಿತ್ತು. ಹನ್ನೆರಡು ವರ್ಷ ಎಲ್ಲಿಂದ ಬಂತೆಂದು ವಿಚಾರಿಸಿದರೆ, ಆರೈಕೆ ಕಾರ್ಯಕ್ರಮದ ಮೊದಲ ಕರೆಯ ದಾಖಲೆಯಿಂದ! ಎಷ್ಟು ವರ್ಷದಿಂದ ಶುಗರ್ ಇದೆ ಎಂದು ಸಲಹೆಗಾರ್ತಿ ಕೇಳಿದಾಗ ನನ್ನ ತಾಯಿ, ‘ಹತ್ತು ಹನ್ನೆರಡು ವರ್ಷ ಆಗಿರಬೇಕು ಕಣವ್ವ’ ಎಂದಿದ್ದರಂತೆ. ನಮ್ಮ ಕಡೆಯ ಹಿರಿಯರು ಕಾಲವನ್ನು ಲೆಕ್ಕ ಹಾಕುವುದೇ ಹೀಗೆ; ಬಹಳ ದಿನವಾಯಿತು ಎನ್ನುವುದಕ್ಕೆ ಹತ್ತು ಹನ್ನೆರಡು ವರ್ಷ ಎನ್ನುತ್ತಾರೆ. ಮಗಳ ವಯಸ್ಸಿನವಳೊಬ್ಬಳು ಪ್ರೀತಿಯಿಂದ ವಿಚಾರಿಸುತ್ತಿದ್ದಾಳೆಂದು ಭಾವಿಸಿ ಅವರು ಆಡಿದ ಮಾತು, ಅವರನ್ನೇ ಸುಳ್ಳುಗಾರ್ತಿ ಎನ್ನಲು ಸಾಕ್ಷಿಯಾಯಿತು. ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಇದು ಇಂದಿಗೂ ನೋಯಿಸುತ್ತದೆ.

ಆಸ್ಪತ್ರೆಯ ಕೇಸ್ ಶೀಟಿನಲ್ಲಿಯೂ ಇದೇ ಅಪಾಯವಿದೆ. ದಾಖಲಿಸುವ ಗಡಿಬಿಡಿಯಲ್ಲಿ ಮನೆಯವರು ಅಂದಾಜಿನಿಂದ ಹೇಳುವ ವರ್ಷವನ್ನು ಅಲ್ಲಿನವರು ಹಾಗೆಯೇ ಬರೆದುಕೊಳ್ಳುತ್ತಾರೆ, ಅದು ಡಿಸ್ಚಾರ್ಜ್ ಸಮರಿಗೂ ಬರುತ್ತದೆ. ಸಹಿ ಹಾಕುವ ಮುನ್ನ ಓದಿ, ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿ.

ಪಾಲಿಸಿ ಸತತವಾಗಿ 60 ತಿಂಗಳು ನಡೆದಿದ್ದರೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟಿರಿ ಎಂದು ಕ್ಲೇಮ್ ನಿರಾಕರಿಸುವಂತಿಲ್ಲ. ಮೊದಲು ಎಂಟು ವರ್ಷವಿದ್ದ ಈ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಐದಕ್ಕೆ ಇಳಿಸಿತು. ನಮ್ಮ ಪಾಲಿಸಿಗೆ ಆಗ 46 ತಿಂಗಳಷ್ಟೇ ಆಗಿದ್ದರಿಂದ ಆ ರಕ್ಷಣೆ ನಮಗೆ ಒದಗಲಿಲ್ಲ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆವು, ಅದೇ ಉತ್ತರ ಬಂತು. ಬಳಿಕ ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ (ಒಂಬುಡ್ಸ್‌ಮನ್) ದೂರು ಕೊಟ್ಟೆವು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ, ಅಥವಾ ದೂರಿಗೆ ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಲ್ಲಿಗೆ ಹೋಗಬಹುದು. ನಮ್ಮನ್ನು ಉಳಿಸಿದ್ದು 2018ರ ಆ ಒಂದು ಹಾಳೆ ವರದಿ ಮತ್ತು ಪ್ರಪೋಸಲ್ ಫಾರ್ಮಿನ ಪ್ರತಿ. ಏಳು ತಿಂಗಳ ನಂತರ ಹಣ ಬಂತು.

ನಿಮ್ಮ ಮನೆಗೂ ಇಂಥ ಕರೆ ಬಂದರೆ, ಮೊದಲ ಮಾತುಕತೆಯನ್ನು ಹಿರಿಯರೊಬ್ಬರಿಗೇ ಬಿಡಬೇಡಿ. ಪ್ರಪೋಸಲ್ ಫಾರ್ಮಿನ ಪ್ರತಿಯನ್ನು ಎದುರಿಗಿಟ್ಟುಕೊಂಡು, ಅದರಲ್ಲಿರುವ ಇಸವಿಯನ್ನೇ ಹೇಳಿ. ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನಿ, ಅಂದಾಜು ಬೇಡ. ಊಟ, ನಡಿಗೆಯ ಬಗ್ಗೆ ಅವರು ಕೊಡುವ ಸಲಹೆಯನ್ನು ಬರೆದುಕೊಂಡು, ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ತೋರಿಸಿದ ಮೇಲೆಯೇ ಅನುಸರಿಸಿ. ನಾವು ಈಗ ಕಾರ್ಯಕ್ರಮದಿಂದ ಹೊರಬಂದಿದ್ದೇವೆ. ಇಮೇಲ್‌ನಲ್ಲಿ ಕೇಳಿಕೊಂಡು, ಲಿಖಿತ ಉತ್ತರವನ್ನೂ ತರಿಸಿಕೊಂಡೆವು. ಅಂಕಗಳ ರಿಯಾಯಿತಿ ಹೋಯಿತು, ಪಾಲಿಸಿ ಹಾಗೆಯೇ ಇದೆ. ತಾಯಿ ಸಂಜೆಯ ನಡಿಗೆ ಬಿಟ್ಟಿಲ್ಲ. ವೈದ್ಯರು ರಾತ್ರಿಯ ಮಾತ್ರೆಯನ್ನು ನಿಲ್ಲಿಸಿದ್ದಾರೆ, ರಾತ್ರಿ ಒಂದು ಜೋಳದ ರೊಟ್ಟಿ ತಟ್ಟೆಗೆ ಮರಳಿದೆ.