2018–19ರ ಚಾಂಪಿಯನ್ಸ್ ಲೀಗ್ ವಾಟರ್ ಪೋಲೊ: ಪ್ರೇಕ್ಷಕರ ದೃಷ್ಟಿಯಿಂದ ಒಂದು ವಿಮರ್ಶೆ

ಕೊಳದಲ್ಲಿ ಈಜುತ್ತಲೇ ಚೆಂಡನ್ನು ಎದುರಾಳಿಯ ಗೋಲಿಗೆ ಎಸೆಯುವ ಆಟವೇ ವಾಟರ್ ಪೋಲೊ. ಯುರೋಪಿನಲ್ಲಿ ಈ ಆಟದ ಕ್ಲಬ್‌ಗಳ ಅತ್ಯುನ್ನತ ಸ್ಪರ್ಧೆಯಾದ ಚಾಂಪಿಯನ್ಸ್ ಲೀಗನ್ನು ಯಾವ ಋತುವಿನಿಂದ ನೋಡಲು ಆರಂಭಿಸಬೇಕೆಂದು ಯಾರಾದರೂ ಕೇಳಿದರೆ, ನಾನು ಸೂಚಿಸುವುದು 2018–19ರ ಋತುವನ್ನು. ಆಟದ ಗುಣಮಟ್ಟಕ್ಕೆ ನನ್ನ ಪೂರ್ಣ ಮೆಚ್ಚುಗೆಯಿದೆ. ಸ್ಪರ್ಧೆಯನ್ನು ರೂಪಿಸಿದ ರೀತಿಗೆ ಮಾತ್ರ ನನ್ನ ಆಕ್ಷೇಪವಿದೆ.

ಹದಿನಾರು ತಂಡಗಳನ್ನು ಎಂಟೆಂಟರ ಎರಡು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಪ್ರತಿ ತಂಡವೂ ತನ್ನ ಗುಂಪಿನ ಉಳಿದೆಲ್ಲ ತಂಡಗಳನ್ನು ಒಮ್ಮೆ ತವರಿನ ಕೊಳದಲ್ಲಿ, ಒಮ್ಮೆ ಎದುರಾಳಿಯ ಕೊಳದಲ್ಲಿ ಎದುರಿಸಬೇಕಿದ್ದುದರಿಂದ, ಗುಂಪು ಹಂತವೊಂದರಲ್ಲೇ 112 ಪಂದ್ಯಗಳಿದ್ದವು. ಅವೆಲ್ಲವನ್ನೂ ನೋಡಲೇಬೇಕೆಂದು ನಾನು ಹೇಳಲಾರೆ. ಬಲಾಢ್ಯ ತಂಡವೊಂದು ದುರ್ಬಲ ತಂಡವನ್ನು ಮೊದಲ ಎರಡು ಕ್ವಾರ್ಟರ್‌ಗಳಲ್ಲೇ ಹಿಂದೆ ಹಾಕಿಬಿಡುವ ಪಂದ್ಯಗಳನ್ನು ಬಿಟ್ಟರೆ ನಷ್ಟವಿಲ್ಲ. ಆದರೆ ಇಟಲಿಯ ಲಿಗೂರಿಯಾ ತೀರದ ಪುಟ್ಟ ಪಟ್ಟಣ ರೆಕ್ಕೊದ ಪ್ರೊ ರೆಕ್ಕೊ, ಗ್ರೀಸ್‌ನ ಪಿರಯಸ್ ನಗರದ ಒಲಿಂಪಿಯಾಕೋಸ್, ಬುಡಾಪೆಸ್ಟಿನ ಫೆರೆನ್ಸ್‌ವಾರೋಶ್ ಮುಂತಾದ ತಂಡಗಳ ಪಂದ್ಯಗಳನ್ನು ತಪ್ಪಿಸಿಕೊಳ್ಳಬಾರದು.

ಈ ಆಟವನ್ನು ನೋಡಲು ಕಣ್ಣಿಗೆ ಸ್ವಲ್ಪ ಅಭ್ಯಾಸ ಬೇಕು. ಎಂಟು ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳೆಂದರೆ ಮೂವತ್ತೆರಡೇ ನಿಮಿಷ ಎನಿಸಬಹುದಾದರೂ, ಆಟ ನಿಂತಾಗಲೆಲ್ಲ ಗಡಿಯಾರವೂ ನಿಲ್ಲುವುದರಿಂದ ಪಂದ್ಯ ಮುಗಿಯಲು ಒಂದು ಗಂಟೆಗೂ ಹೆಚ್ಚು ಸಮಯ ಹಿಡಿಯುತ್ತದೆ. ಅಷ್ಟು ಹೊತ್ತೂ ಆಟಗಾರರು ಕೊಳದ ತಳಕ್ಕೆ ಕಾಲೂರುವಂತಿಲ್ಲ. ಹೊಸ ಪ್ರೇಕ್ಷಕರು ಸಹಜವಾಗಿಯೇ ಚೆಂಡನ್ನು ಹಿಂಬಾಲಿಸುತ್ತಾರೆ. ಆದರೆ ಗೋಲಿನ ಎದುರು ಬೆನ್ನು ತಿರುಗಿಸಿ ನಿಲ್ಲುವ ಸೆಂಟರ್ ಆಟಗಾರ ಮತ್ತು ಅವನನ್ನು ತಡೆಯುವವನ ನಡುವಿನ ಸೆಣಸಾಟವನ್ನು ಗಮನಿಸಿದರೆ ಪಂದ್ಯ ಎತ್ತ ಸಾಗುತ್ತಿದೆಯೆಂದು ಬೇಗ ತಿಳಿಯುತ್ತದೆ. ಆ ಋತುವಿನ ನಿಯಮದಂತೆ ಅಲ್ಲಿ ನಡೆಯುವ ಒಂದು ತಪ್ಪಿಗೆ ರಕ್ಷಕನು ಇಪ್ಪತ್ತು ಸೆಕೆಂಡು ಹೊರಗುಳಿಯಬೇಕಾಗುತ್ತಿತ್ತು, ಆಗ ಆರು ಆಕ್ರಮಣಕಾರರ ಎದುರು ಐವರು ರಕ್ಷಕರು ಮಾತ್ರ ಉಳಿಯುತ್ತಿದ್ದರು, ಮತ್ತು ಸಮಬಲದ ತಂಡಗಳ ನಡುವಿನ ಸೋಲು ಗೆಲುವು ಬಹುಪಾಲು ಇಂಥ ಇಪ್ಪತ್ತು ಸೆಕೆಂಡುಗಳಲ್ಲೇ ನಿರ್ಧಾರವಾಗುತ್ತಿತ್ತು.

ಋತುವಿನ ಶ್ರೇಷ್ಠ ಭಾಗವೆಂದರೆ 2019ರ ಜೂನ್‌ನಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ನಡೆದ ಎಂಟು ತಂಡಗಳ ಅಂತಿಮ ಕೂಟ. ಹಿಂದಿನ ವರ್ಷ ಜಿನೋವಾದಲ್ಲಿ ಪ್ರೊ ರೆಕ್ಕೊವನ್ನು 9–7ರಿಂದ ಮಣಿಸಿ ಪ್ರಶಸ್ತಿ ಪಡೆದಿದ್ದ ಒಲಿಂಪಿಯಾಕೋಸ್ ಮತ್ತೆ ಫೈನಲ್ ತಲುಪಿತು. ಎದುರಿಗೆ ಬಂದದ್ದು ಫೆರೆನ್ಸ್‌ವಾರೋಶ್. ಯುರೋಪಿನ ಎರಡನೇ ಹಂತದ ಸ್ಪರ್ಧೆಯಾದ ಯೂರೋ ಕಪ್ಪನ್ನು 2017 ಮತ್ತು 2018ರಲ್ಲಿ ಸತತವಾಗಿ ಗೆದ್ದಿದ್ದ ಈ ಕ್ಲಬ್, ಪುರುಷರ ವಾಟರ್ ಪೋಲೊದಲ್ಲಿ ಒಂಬತ್ತು ಒಲಿಂಪಿಕ್ ಚಿನ್ನ ಗಳಿಸಿದ ಹಂಗೇರಿಯದೇ ಆಗಿದ್ದರೂ, ಚಾಂಪಿಯನ್ಸ್ ಲೀಗನ್ನು ಅದುವರೆಗೆ ಒಮ್ಮೆಯೂ ಗೆದ್ದಿರಲಿಲ್ಲ. ನಿಗದಿತ ಸಮಯದಲ್ಲಿ ಫಲಿತಾಂಶ ಹೊರಬೀಳದೆ, ಐದು ಮೀಟರ್ ದೂರದಿಂದ ಒಬ್ಬೊಬ್ಬರಾಗಿ ಹೊಡೆಯುವ ಪೆನಾಲ್ಟಿಗಳಲ್ಲಿ ಫೆರೆನ್ಸ್‌ವಾರೋಶ್ ಪ್ರಶಸ್ತಿ ಗೆದ್ದುಕೊಂಡಿತು. ಇಡೀ ಋತುವಿನಲ್ಲಿ ಒಂದೇ ಪಂದ್ಯವನ್ನು ನೋಡಲು ಬಿಡುವಿರುವವರು ಇದನ್ನೇ ಆರಿಸಿಕೊಳ್ಳಲಿ.

ನನ್ನ ಆಕ್ಷೇಪವಿರುವುದೂ ಇದೇ ಅಂತಿಮ ಕೂಟದ ಬಗ್ಗೆ. ತಿಂಗಳುಗಟ್ಟಲೆ ಹದಿನಾಲ್ಕು ಪಂದ್ಯಗಳನ್ನಾಡಿ ಗುಂಪಿನಲ್ಲಿ ಮೇಲಿನ ಸ್ಥಾನ ಗಳಿಸಿದ ತಂಡಕ್ಕೂ ಒಂದೇ ಕ್ವಾರ್ಟರ್ ಫೈನಲ್ ಪಂದ್ಯದ ಸೋಲಿನಿಂದ ಪ್ರಶಸ್ತಿಯ ದಾರಿ ಮುಚ್ಚಿಹೋಗುತ್ತಿತ್ತು. ಆತಿಥೇಯ ವಾಸ್ಪೊ ಹ್ಯಾನೋವರ್‌ಗೆ ಎಂಟರಲ್ಲಿ ಒಂದು ಸ್ಥಾನ ಮೊದಲೇ ಮೀಸಲಾಗಿತ್ತು. ಪ್ರೇಕ್ಷಕರನ್ನು ಸೆಳೆಯಲು ಇಂಥ ಏರ್ಪಾಟು ಬೇಕೆಂಬ ವಾದ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಮೂರು ದಿನ ಎಲ್ಲ ಪಂದ್ಯಗಳನ್ನೂ ಒಂದೇ ಊರಿನಲ್ಲಿ ನಡೆಸುವುದರಿಂದ ದೂರದಿಂದ ಬರುವ ಅಭಿಮಾನಿಗಳಿಗೆ ಅನುಕೂಲವಾಗುವುದು ನಿಜವಾದರೂ, ರೆಕ್ಕೊ ಅಥವಾ ಪಿರಯಸ್‌ನ ಜನರು ತಮ್ಮ ಊರಿನ ಕೊಳದ ಅಂಚಿನಲ್ಲಿ ಕುಳಿತು ಕ್ವಾರ್ಟರ್ ಫೈನಲ್ ನೋಡುವ ಅವಕಾಶವನ್ನು ಅದು ಕಸಿದುಕೊಳ್ಳುತ್ತದೆ. 2023–24ರಲ್ಲಿ ಅಂತಿಮ ಕೂಟವನ್ನು ನಾಲ್ಕು ತಂಡಗಳಿಗೆ ಇಳಿಸಿ ಮಾಲ್ಟಾದಲ್ಲಿ ನಡೆಸಿದಾಗ, ಎಂಟರ ಹಂತದ ಪಂದ್ಯಗಳು ತಂಡಗಳ ತವರಿನ ಕೊಳಗಳಿಗೆ ಮರಳಿದವು. ಆ ಬದಲಾವಣೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.