ಎಸ್‌ಪಿ ರೋಡ್‌ನ ಈ ಅಂಗಡೀಲಿ ಡಯೋಡ್ ಕೊಡೋಕ್ ಮುಂಚೆ ಎಲ್ಲಿಗೆ ಅಂತ ಕೇಳ್ತಾರೆ

ಮಗಳ ಮ್ಯೂಸಿಕ್ ಕೀಬೋರ್ಡ್ ಅಡಾಪ್ಟರು ಹೋದ ತಿಂಗಳು ಕೆಟ್ಟೋಯ್ತು, 12 ವೋಲ್ಟ್ 1.5 ಆಂಪ್‌ದು. ಮನೆ ಹತ್ರ ಒಬ್ರಿಗೆ ರಿಪೇರಿಗೆ ಕೊಟ್ಟೆ, ಡಯೋಡ್ (ಕರೆಂಟನ್ನ ಒಂದೇ ಕಡೆಗೆ ಬಿಡೋ ಪಾರ್ಟು) ಹೋಗಿದೆ ಅಂತ ಬೇರೆ ಹಾಕಿ ಕೊಟ್ರು, ಎರಡು ದಿನ ಓಡ್ತು, ಮೂರನೇ ದಿನ ಸುಟ್ಟ ವಾಸನೆ. ಬಿಚ್ಚಿ ನೋಡಿದ್ರೆ ಔಟ್‌ಪುಟ್ ಕಡೆ 1ಎನ್4007 ಅನ್ನೋ ಮಾಮೂಲಿ ಡಯೋಡ್ ಹಾಕಿದಾರೆ, ದಪ್ಪ ಕಾಲಿನ ಡಯೋಡ್‌ಗೆ ಅಂತ ಇರೋ ತೂತಲ್ಲಿ ಈ ಸಣಕಲು ಕಾಲು ಲೊಡಲೊಡ ಅಂತಿದೆ, ತೂತು ಮುಚ್ಚೋಕೆ ಒಂದು ಉಂಡೆ ಲೆಡ್ ಸುರಿದಿದಾರೆ, ಸುತ್ತ ಬೋರ್ಡೆಲ್ಲ ಕಂದು ಬಣ್ಣ. ನೋಡಿ ನಿಜವಾಗ್ಲೂ ಬೇಜಾರಾಯ್ತು.

ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡ್‌ಗೆ ಅಂತ ಚಿಕ್ಕಪೇಟೆ ಮೆಟ್ರೋಲಿ ಇಳಿದು ನಡ್ಕೊಂಡು ಹೋದೆ (ಗಾಡಿ ತಗೊಂಡ್ ಹೋಗ್ಬೇಡಿ, ಪಾರ್ಕಿಂಗ್ ಸಿಗಲ್ಲ). ಅಂಗಡಿ ಮೊದಲನೇ ಮಹಡೀಲಿ, ಮೆಟ್ಟಿಲು ತುಂಬಾ ಇಕ್ಕಟ್ಟು. ನಾನು ಮನೇಲೇ ಓದ್ಕೊಂಡು ಹೋಗಿದ್ದೆ, 3 ಆಂಪ್ ಶಾಟ್ಕಿ (ತುಂಬಾ ಬೇಗ ಆನ್ ಆಫ್ ಆಗೋ ಡಯೋಡ್) ಬೇಕು, 1ಎನ್5822 ಕೊಡಿ ಸಾರ್ ಅಂದೆ. ಯಜಮಾನ್ರು ಡ್ರಾಯರ್ ಎಳೀಲೇ ಇಲ್ಲ. "ಎಲ್ಲಿಗೆ ಹಾಕ್ತೀರ? ಟ್ರಾನ್ಸ್‌ಫಾರ್ಮರ್‌ಗಿಂತ ಮುಂಚೆನಾ ಆಮೇಲಾ? ಔಟ್‌ಪುಟ್ ಎಷ್ಟು ವೋಲ್ಟು?" ಅಂತ ಒಂದರ ಹಿಂದೆ ಒಂದು ಕೇಳಿದ್ರು. ಬೋರ್ಡ್ ಕೈಗಿಟ್ಟೆ. ಕನ್ನಡಕ ಮೇಲೇರಿಸಿ ತೂತನ್ನೇ ಮೊದಲು ನೋಡಿದ್ರು.

ಅವರು ಹೇಳಿದ್ದು ಇಷ್ಟು. ಕರೆಂಟ್ ಒಳಗೆ ಬರೋ ಕಡೆ ಎಸಿನ ಡಿಸಿ ಮಾಡೋ ನಾಲ್ಕು ಡಯೋಡ್‌ನ ಬ್ರಿಡ್ಜ್‌ಗೆ 4007 ಸರಿ, ಅಲ್ಲಿ ಬರೀ 50 ಹರ್ಟ್ಜ್, 230 ವೋಲ್ಟ್ ಅಂದ್ರೆ ಪೀಕ್ 325, ಡಯೋಡ್ 1000 ತಡ್ಕೊಳುತ್ತೆ. ಆದ್ರೆ ಟ್ರಾನ್ಸ್‌ಫಾರ್ಮರ್ ಆದ್ಮೇಲೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್ ಆಫ್ ಆಗ್ತಿರುತ್ತೆ, ಅಷ್ಟು ಬೇಗ ಆಫ್ ಆಗೋಕೆ 4007 ಕೈಲಿ ಆಗಲ್ಲ, ಹಿಂದಕ್ಕೆ ಕರೆಂಟ್ ಬಿಡುತ್ತೆ, ಬಿಸಿಯಾಗಿ ಸಾಯುತ್ತೆ. ಅದೂ ಅಲ್ದೆ 1.5 ಆಂಪ್ ಜಾಗಕ್ಕೆ 1 ಆಂಪ್ ಡಯೋಡ್ ಹಾಕಿದ್ದೇ ತಪ್ಪು.

ಹಂಗಾದ್ರೆ ನಾನ್ ಕೇಳಿದ 5822 ಯಾಕೆ ಕೊಡ್ತಿಲ್ಲ ಅಂದೆ, ಅದು ಶಾಟ್ಕಿನೇ ಅಲ್ವಾ ಅಂತ. ಪಕ್ಕದಲ್ಲಿದ್ದ ಬಿಲ್ ಹಿಂದೆ ಲೆಕ್ಕ ಬರೆದು ತೋರಿಸಿದ್ರು: ಟ್ರಾನ್ಸ್‌ಫಾರ್ಮರ್ ತಂತಿ ಸುತ್ತು ಒಳಗೆ ಬರೋ ಕಡೆ ಏಳಕ್ಕೆ ಔಟ್‌ಪುಟ್ ಕಡೆ ಒಂದು ಅಂತ ಇಟ್ಕೊಳ್ಳಿ, 325 ಭಾಗಿಸು 7 ಸುಮಾರು 46, ಅದಕ್ಕೆ ಔಟ್‌ಪುಟ್ 12 ಸೇರಿಸಿದ್ರೆ 58 ವೋಲ್ಟ್ ಡಯೋಡ್ ಮೇಲೆ ಉಲ್ಟಾ ಬೀಳುತ್ತೆ, ಮಧ್ಯೆ ಮಧ್ಯೆ ಒಂದು ಕ್ಷಣ ಇನ್ನೂ ಮೇಲೇರೋ ಸ್ಪೈಕ್ ಬೇರೆ. 5822 ತಡ್ಕೊಳೋದು 40 ಮಾತ್ರ. 5 ವೋಲ್ಟ್ ಚಾರ್ಜರ್ ಆಗಿದ್ರೆ ಕೊಡ್ತಿದ್ದೆ, ಇದಕ್ಕೆ ಕೊಡಲ್ಲ ಅಂದ್ರು. ಕೇಳಿದ್ದನ್ನ ಕೊಟ್ಟು ದುಡ್ಡು ಇಸ್ಕೊಂಡಿದ್ರೆ ನಂಗೆ ಗೊತ್ತೂ ಆಗ್ತಿರ್ಲಿಲ್ಲ, ಇನ್ನೊಂದು ಸಲ ಸುಡ್ತಿತ್ತು ಅಷ್ಟೆ.

ಎಸ್‌ಆರ್5100 ಕೊಟ್ರು, ಇದೂ ಶಾಟ್ಕಿನೇ, 5 ಆಂಪ್ 100 ವೋಲ್ಟ್, ಎರಡಕ್ಕೆ 30 ರೂಪಾಯಿ. ಕೊಡೋ ಮುಂಚೆ ಮಲ್ಟಿಮೀಟರ್ ಡಯೋಡ್ ಮೋಡಲ್ಲಿಟ್ಟು ನನ್ನ ಕಣ್ಮುಂದೆನೇ ಚೆಕ್ ಮಾಡಿದ್ರು, 0.2 ಚಿಲ್ಲರೆ ವೋಲ್ಟ್ ತೋರಿಸ್ತು, ಪಕ್ಕದಲ್ಲೇ ಒಂದು 4007 ಇಟ್ಟು ತೋರಿಸಿದ್ರು, ಅದು 0.5 ದಾಟ್ತು. ಇಷ್ಟು ತಾಳ್ಮೆ ಇರೋರು ಈ ರೋಡಲ್ಲಿ ನಂಗೆ ಇದೇ ಮೊದಲು ಸಿಕ್ಕಿದ್ದು.

ಮನೇಗ್ ಬಂದು ಡಯೋಡ್‌ನ ಬೆಳ್ಳಿ ಗೆರೆ ಬೋರ್ಡ್ ಮೇಲಿನ ಗೆರೆ ಕಡೆಗೇ ಬರೋ ಹಂಗೆ ಹಾಕಿದೆ, ಕಾಲು ತೂತಲ್ಲಿ ಗಟ್ಟಿಯಾಗಿ ಕೂತ್ಕೊಳ್ತು. ಅವರು ಹೇಳಿದ ಹಾಗೆ ಬೋರ್ಡ್‌ಗೆ ಅಂಟಿಸ್ದೆ ಸ್ವಲ್ಪ ಎತ್ತರಿಸಿ ಬೆಸುಗೆ ಹಾಕಿದೀನಿ, ಗಾಳಿ ಆಡ್ಲಿ ಅಂತ. ಮೂರು ವಾರ ಆಯ್ತು, ಮಗಳು ದಿನಾ ಒಂದೂವರೆ ಗಂಟೆ ನುಡಿಸ್ತಾಳೆ, ಅಡಾಪ್ಟರ್ ಮುಟ್ಟಿದ್ರೆ ಬೆಚ್ಚಗಿರುತ್ತೆ ಅಷ್ಟೇ.

ಶನಿವಾರ ಮಧ್ಯಾಹ್ನ ರಶ್ ಜಾಸ್ತಿ, ನಾನು 20 ನಿಮಿಷ ನಿಂತಿದ್ದೆ, ಆಗೋದಾದ್ರೆ ವಾರದ ದಿನ ಬೆಳಗ್ಗೆ ಹೋಗಿ. ಹೋಗುವಾಗ ಸುಟ್ಟ ಡಯೋಡ್ ಒಂದೇ ಅಲ್ಲ, ಬೋರ್ಡೂ ತಗೊಂಡ್ಹೋಗಿ, ಪ್ಲಗ್ ತೆಗೆದ್ಮೇಲೂ ಕರೆಂಟ್ ಹಿಡ್ಕೊಂಡಿರೋ ದೊಡ್ಡ ಕೆಪ್ಯಾಸಿಟರ್ ಡಿಸ್ಚಾರ್ಜ್ ಆಗಿದ್ಯಾ ಅಂತ ಮೀಟರಲ್ಲಿ ನೋಡದೆ ಮಾತ್ರ ಕೈ ಹಾಕ್ಬೇಡಿ. ಇನ್ನೊಂದು ಡಯೋಡ್ ಸ್ಪೇರ್ ಇಟ್ಟಿದೀನಿ, ಕವರ್ ಮೇಲೆ "12ವೋ ಔಟ್‌ಪುಟ್‌ಗೆ" ಅಂತ ಅವರೇ ಪೆನ್ನಲ್ಲಿ ಬರೆದು ಕೊಟ್ಟಿದ್ರು.