ಎಳೆಗರು ಕುಂಟಿದರೆ ಉಳುಕು ಎಂದು ಕಾಯಬೇಡಿ

ಹತ್ತು ದಿನದ ಹೆಣ್ಣುಗರು ಬೆಳಿಗ್ಗೆ ಮುಂಗಾಲನ್ನು ಊರಲು ಹಿಂಜರಿಯುತ್ತಿತ್ತು. ತಾಯಿ ತುಳಿದಿರಬೇಕು ಎಂದುಕೊಂಡು ಎಣ್ಣೆ ಬಿಸಿ ಮಾಡಿ ನೀವಿದೆ. ಹಾಗೆ ಕಳೆದ ಎರಡು ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೂರನೆಯ ದಿನ ಎರಡೂ ಮಂಡಿಗಳು ಊದಿದ್ದವು. ಅಂಗೈ ಇಟ್ಟರೆ ಬಿಸಿ, ಮೆಲ್ಲಗೆ ಒತ್ತಿದರೂ ಕರು ಕಾಲು ಎಳೆದುಕೊಳ್ಳುತ್ತಿತ್ತು. ಪಶುವೈದ್ಯರು ಬಂದವರೇ ಅದನ್ನು ಮಗ್ಗುಲಿಗೆ ಮಲಗಿಸಿ ಮೊದಲು ನೋಡಿದ್ದು ಹೊಕ್ಕುಳನ್ನು. ಅದು ಹೆಬ್ಬೆರಳಿನಷ್ಟು ದಪ್ಪಗಾಗಿತ್ತು, ಹಿಸುಕಿದಾಗ ನಾರುವ ಕೀವು ಬಂತು. ನಾನು ದಿನವೂ ಕರುವನ್ನು ಮುಟ್ಟುತ್ತಿದ್ದೆ, ಅಲ್ಲಿ ಮಾತ್ರ ಒಮ್ಮೆಯೂ ಕೈ ಹಾಕಿರಲಿಲ್ಲ. ಸೋಂಕು ಹೊಕ್ಕುಳಿನಿಂದ ರಕ್ತಕ್ಕೆ, ರಕ್ತದಿಂದ ಕೀಲುಗಳಿಗೆ ಇಳಿದಿತ್ತು. ಜ್ವರ 40.5 ಡಿಗ್ರಿ ಸೆಲ್ಸಿಯಸ್, ಕರುವಿಗೆ 39.5 ದಾಟಿದರೇ ಅನುಮಾನಿಸಬೇಕು. ಮಂಡಿಯಿಂದ ಸೂಜಿಯಲ್ಲಿ ತೆಗೆದ ದ್ರವವನ್ನು ನನಗೂ ತೋರಿಸಿದರು. ತಿಳಿಯಾಗಿ, ಎಳೆ ಬರುವಂತೆ ಅಂಟಂಟಾಗಿ ಇರಬೇಕಾದದ್ದು ಒಡೆದ ಹಾಲಿನಂತೆ ಕದಡಿಹೋಗಿತ್ತು.

ಕೀಲುಗಳನ್ನು ಸಲೈನಿನಿಂದ ತೊಳೆದು, ಆ್ಯಂಟಿಬಯೋಟಿಕ್ ಮತ್ತು ನೋವು, ಊತದ ಔಷಧ ಆರಂಭಿಸಿದರು. ನಾಲ್ಕನೆಯ ದಿನ ಜ್ವರ ಇಳಿಯಿತು, ಕರು ಹಾಲು ಕುಡಿಯಿತು. ಗುಣವಾಯಿತೆಂದು ನಾನು ಚುಚ್ಚುಮದ್ದು ನಿಲ್ಲಿಸಿಬಿಟ್ಟೆ. ಎಲ್ಲಕ್ಕಿಂತ ದೊಡ್ಡ ತಪ್ಪು ಅದೇ. ಕೀಲಿನೊಳಗಿನ ಸೋಂಕಿಗೆ ಹಲವು ಬಾರಿ ಎರಡು ಮೂರು ವಾರಗಳ ಔಷಧ ಬೇಕಾಗುತ್ತದೆ. ವಾರದೊಳಗೆ ಊತ ಮರಳಿತು, ಹಿಂಗಾಲಿಗೂ ಹಬ್ಬಿತು. ಅಷ್ಟರಲ್ಲಿ ಒಳಗಿನ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಯ ತುದಿಯನ್ನು ಮುಚ್ಚುವ ನುಣುಪಾದ ಹೊದಿಕೆ, ಸವೆದುಹೋಗಿತ್ತು. ಕರು ಮತ್ತೆ ಎದ್ದು ನಿಲ್ಲಲೇ ಇಲ್ಲ.

ಇನ್ನೊಂದು ಮಾತು. ಮನೆಯಲ್ಲಿ ಉಳಿದ ಪೆನ್ಸಿಲಿನ್ ಸೀಸೆಯಿಂದ ನೀವೇ ಚುಚ್ಚಬೇಡಿ. ಕೀಲು ಹಿಡಿಯುವ ರೋಗಾಣುಗಳಲ್ಲಿ ಮೈಕೋಪ್ಲಾಸ್ಮಾ ಕೂಡ ಒಂದು. ಪೆನ್ಸಿಲಿನ್ ಕೆಲಸ ಮಾಡುವುದು ರೋಗಾಣುವಿನ ಕೋಶಭಿತ್ತಿಯನ್ನು, ಅಂದರೆ ಅದರ ಹೊರಗೋಡೆಯನ್ನು, ಕೆಡಿಸಿ; ಮೈಕೋಪ್ಲಾಸ್ಮಾಗೆ ಆ ಗೋಡೆಯೇ ಇಲ್ಲದ ಕಾರಣ ಅದು ನಾಟುವುದಿಲ್ಲ. ಯಾವ ಔಷಧ ಎಂಬುದನ್ನು ಕೀಲಿನ ದ್ರವದ ಪರೀಕ್ಷೆ ಹೇಳಲಿ.

ಆ ಕರು ಹುಟ್ಟಿದ್ದು ರಾತ್ರಿ, ನಾನು ನೋಡಿದ್ದು ಬೆಳಿಗ್ಗೆ. ಗಿಣ್ಣು ಹಾಲು ಕುಡಿದಿದೆಯೇ ಎಂದು ವಿಚಾರಿಸಲಿಲ್ಲ, ಹೊಕ್ಕುಳಿಗೆ ಅಯೋಡಿನ್ ಹಚ್ಚಲಿಲ್ಲ. ಗಿಣ್ಣಿನ ರೋಗನಿರೋಧಕ ಅಂಶಗಳನ್ನು ಕರುವಿನ ಕರುಳು ಹೀರಿಕೊಳ್ಳುವುದು ಗಂಟೆಗಂಟೆಗೂ ತಗ್ಗುತ್ತಾ, 24 ಗಂಟೆಯ ಹೊತ್ತಿಗೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ.

ಈಗ ಕರು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯನ್ನು ಅಯೋಡಿನ್‌ನಲ್ಲಿ ಪೂರ್ತಿ ಅದ್ದುತ್ತೇನೆ, ಮೊದಲ ಎರಡು ಗಂಟೆಯೊಳಗೆ ಗಿಣ್ಣು ಕುಡಿಸುತ್ತೇನೆ. ಮೊದಲ ತಿಂಗಳು ಪ್ರತಿ ಸಂಜೆ ಹೊಕ್ಕುಳು ಮುಟ್ಟಿ, ನಾಲ್ಕೂ ಕಾಲಿನ ಕೀಲುಗಳನ್ನು ಜೋಡಿಜೋಡಿಯಾಗಿ ಹಿಡಿದು ಹೋಲಿಸುತ್ತೇನೆ. ಒಂದು ಬದಿ ಸ್ವಲ್ಪ ಬಿಸಿ ಎನಿಸಿದರೂ ವೈದ್ಯರಿಗೆ ಅಂದೇ ಫೋನ್ ಮಾಡುತ್ತೇನೆ.